ಗುರಿ ತಪ್ಪಲು ಬಾರದ ದುರ್ಬೀನು

ವೆಸ್ಟ್‌ಫಾಲಿಯದ ಹಿಂಕೆಲ್‌ಬೆಕ್ ಊರಿನ ಸಂತ ಹ್ಯೂಬರ್ಟಸ್ ಬಂದೂಕು ಬಳಗದಲ್ಲಿ ಗುರಿ ತಪ್ಪುವ ಸದಸ್ಯರು ಒಬ್ಬರೂ ಇಲ್ಲ ಎಂಬುದು ನಿಯಮಾವಳಿಯ ಎರಡನೆಯ ಕಲಮಿನಲ್ಲಿ ನಮೂದಾಗಿರುವ ಸತ್ಯ. ಹೀಗಿರುವಲ್ಲಿ, ಹೋದ ಬೇಸಿಗೆಯ ಉತ್ಸವದಲ್ಲಿ ಕಂಬದ ತುದಿಯ ಮರದ ಹಕ್ಕಿಗೆ ಸೋಮವಾರ ಬೆಳಗಿನಿಂದ ಬುಧವಾರ ಮಧ್ಯಾಹ್ನದವರೆಗೆ ಇಡೀ ಬಳಗ ಸರದಿಯ ಮೇಲೆ ಗುಂಡು ಹೊಡೆದರೂ ಹಕ್ಕಿ ಕೆಳಗೆ ಬೀಳದೇ ಹೋದದ್ದರಿಂದ, ತಪ್ಪು ಬಂದೂಕಿನ ಮೇಲಿನ ಹಳೇ ದುರ್ಬೀನಿನದೇ ಎಂದು ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ದುರ್ಬೀನಿಗೆ ಮತ ಹಾಕುವ ಹಕ್ಕಿರಲಿಲ್ಲ.

ಹಕ್ಕಿ ಯಾಕೆ ಬೀಳಲಿಲ್ಲ ಎನ್ನುವುದು ಊರಿನ ಹಸುಗಳಿಗೂ ಗೊತ್ತಿತ್ತು. ಆ ಹಕ್ಕಿಯ ಕೊನೆಯ ಚೂರನ್ನು ಕೆಡವಿದವನೇ ಬಳಗದ ರಾಜ. ರಾಜನಾದವನು ಒಂದು ವರ್ಷ ಊರಿಗೆಲ್ಲ ಬಿಯರ್ ಹೊಯ್ಯಬೇಕು, ವಾದ್ಯದವರಿಗೆ ಊಟ ಹಾಕಬೇಕು, ರಾಣಿಗೂ ಅವಳ ಸಖಿಯರ ಹಿಂಡಿಗೂ ನೆಲ ಗುಡಿಸುವ ನಿಲುವಂಗಿ ಹೊಲಿಸಬೇಕು. ನೆರೆಯೂರಿನ ರಾಜರು ಪರಿವಾರ ಸಮೇತ ಬಂದರೆ ಅವರಿಗೂ ಹೊಯ್ಯಬೇಕು. ಅವರಂತೂ ಬಂದೇ ಬರುತ್ತಾರೆ, ಯಾಕೆಂದರೆ ಅವರೂ ವರ್ಷವಿಡೀ ಹೊಯ್ದು ಹೊಯ್ದು ಒಣಗಿರುತ್ತಾರೆ. ಇದಕ್ಕೆ ಪ್ರತಿಯಾಗಿ ರಾಜನಿಗೆ ಕೊರಳಿಗೊಂದು ಬೆಳ್ಳಿ ಸರ ಸಿಗುತ್ತದೆ. ವರ್ಷದ ಕೊನೆಗೆ ಅದನ್ನು ವಾಪಸು ಕೊಡಬೇಕು. ಕೊಡುವಾಗ ತನ್ನ ಹೆಸರಿನ ಬೆಳ್ಳಿ ಬಿಲ್ಲೆಯೊಂದನ್ನು ತಾನೇ ಮಾಡಿಸಿ ಸೇರಿಸಿ ಕೊಡಬೇಕು.

ಹಾಗಂತ ಹಿಂಕೆಲ್‌ಬೆಕ್‌ನವರಿಗೆ ಹೊಡೆಯಲು ಬರುವುದಿಲ್ಲವೆಂದು ಯಾರೂ ತಿಳಿಯಬಾರದು. ಹಕ್ಕಿಯ ಕಿರೀಟ ಹಾರಿಸಿದವರಿಗೆ ಹೊಗೆಯಲ್ಲಿ ಒಣಗಿಸಿದ ಹಂದಿತೊಡೆ ಬಹುಮಾನವಿದೆ. ಕಿರೀಟ ಎರಡನೇ ಗುಂಡಿಗೇ ಹಾರುತ್ತದೆ. ಎಡ ರೆಕ್ಕೆಗೆ ಸಾರಾಯಿ ಬಾಟಲಿ, ಬಲ ರೆಕ್ಕೆಗೆ ಬಿಯರ್ ಪೀಪಾಯಿ; ರೆಕ್ಕೆಗಳೂ ಹಾಗೇ ಹೋಗುತ್ತವೆ. ಬರಿಯ ಮುಂಡ ಒಂದು ಮೊಳೆಯಲ್ಲಿ ನೇತಾಡಲು ಶುರುವಾದ ಕೂಡಲೇ ಜಿಲ್ಲೆಯ ಅತ್ಯುತ್ತಮ ಬೇಟೆಗಾರರ ಕಣ್ಣಿಗೆ ಪೊರೆ ಬರುತ್ತದೆ. ಇದನ್ನು ಊರಿನಲ್ಲಿ ಮಧ್ಯಾಹ್ನದ ಬಿಸಿಲು ಎಂದು ಕರೆಯುತ್ತಾರೆ. ಮೋಡವಿದ್ದರೂ ಹಾಗೆಯೇ ಕರೆಯುತ್ತಾರೆ.

ಈ ವಿದ್ಯೆಯಲ್ಲಿ ಆಲ್ವಿನ್ ಕ್ಯೋಟರನನ್ನು ಮೀರಿಸಿದವರಿಲ್ಲ. ಆಲ್ವಿನ್ ಮನೆಮನೆಗೆ ಚಳಿಗೆ ಕೋಣೆ ಬೆಚ್ಚಗಿಡುವ ಹೆಂಚಿನ ಒಲೆ ಕಟ್ಟಿಕೊಡುವ ಕಸುಬಿನವನು, ಜೊತೆಗೆ ಬಳಗದ ಬಂದೂಕು ಮೇಲ್ವಿಚಾರಕ. ಅವನ ಗುಂಡು ಹಕ್ಕಿಯ ಪಕ್ಕದಲ್ಲಿ ಎಷ್ಟು ನಾಜೂಕಾಗಿ ಹಾದುಹೋಗುತ್ತಿತ್ತೆಂದರೆ ನೋಡುವವರ ಎದೆ ಝಲ್ಲೆನ್ನುತ್ತಿತ್ತು, ಹಕ್ಕಿಗೆ ಮಾತ್ರ ಗಾಳಿಯೂ ತಾಗುತ್ತಿರಲಿಲ್ಲ. ಆಮೇಲೆ ಅವನು ಟೋಪಿ ತೆಗೆದು ತೊಡೆಗೆ ಬಡಿದುಕೊಂಡು, ಛೆ ಛೆ ಎನ್ನುತ್ತ ಬಂದೂಕಿನ ಕಟ್ಟೆಯಿಂದ ಕೆಳಗಿಳಿಯುತ್ತಿದ್ದ. ಆ ಛೆ ಛೆ ಕೇಳಿ ಮುದುಕಿಯರು ಕಣ್ಣೊರೆಸಿಕೊಂಡದ್ದುಂಟು. ಬಂದೂಕು ಕೂರಿಸುವ ಕಬ್ಬಿಣದ ಕಾಲಿನ ತಿರುಪುಗಳನ್ನು ಅವನು ಪ್ರತಿ ವರ್ಷ ಸ್ವಲ್ಪ ಸಡಿಲ ಬಿಡುತ್ತಿದ್ದ. ತಪ್ಪುವವರಿಗೆ ಅನುಕೂಲವಾಗಲಿ ಎಂಬ ಸೇವಾ ಮನೋಭಾವ, ಅಷ್ಟೇ.

ಈ ವರ್ಷವಂತೂ ಆಲ್ವಿನ್ ರಾಜನಾಗುವಂತೆಯೇ ಇರಲಿಲ್ಲ. ಅವನ ವ್ಯಾನಿನ ನೆಲ ತುಕ್ಕು ಹಿಡಿದು, ಹೋದ ಚಳಿಗಾಲದಲ್ಲಿ ಗಿರಾಕಿಯ ಹಸಿರು ಹೆಂಚುಗಳು ಹೆದ್ದಾರಿಯುದ್ದಕ್ಕೂ ಒಂದೊಂದಾಗಿ ಇಳಿದುಹೋಗಿದ್ದವು. ಹೊಸ ವ್ಯಾನಿಗೆಂದು ಅವನೂ ಹೆಂಡತಿ ಗುಡೂಲಾಳೂ ಸೇರಿ ಬಾಯಿ ಕಟ್ಟಿ ಹಣ ಕೂಡಿಸಿದ್ದರು. ಬೆಳಗಿನ ಕಾಫಿಯ ಹೊತ್ತಿಗೆ ಗುಡೂಲಾ ಎಚ್ಚರಿಸುತ್ತಿದ್ದಳು:

"ನೋಡು, ಆ ಹಕ್ಕಿ ನಿನ್ನ ಗುಂಡಿಗೆ ಬಿತ್ತು ಅನ್ಕೋ, ವ್ಯಾನು ಬಿಯರಲ್ಲಿ ತೇಲಿ ಹೋಯ್ತು. ಆಮೇಲೆ ಒಲೆ ಹೊರೋದು ನಿನ್ನ ಬೆನ್ನು. ನನ್ನ ಬೆನ್ನನ್ನ ಲೆಕ್ಕಕ್ಕೆ ತಗೋಬೇಡ."

ಆದರೆ ಊರಿನಲ್ಲಿ ಒಬ್ಬನಿಗೆ ಮಾತ್ರ ಹಕ್ಕಿ ಬೀಳಲೇಬೇಕಿತ್ತು. ಅವನು ಔಷಧಿ ಅಂಗಡಿಯ ಬರ್ನ್‌ವಾರ್ಡ್. ಎರಡು ವರ್ಷದ ಹಿಂದೆ ಸೀನಿದಾಗ ಆಕಸ್ಮಿಕವಾಗಿ ಗುಂಡು ಹಾರಿ ರಾಜನಾದವನು. ಹೋದ ವರ್ಷ ಹಕ್ಕಿ ಬೀಳದ ಕಾರಣ ನಿಯಮದಂತೆ ಅವನ ಆಳ್ವಿಕೆ ಇನ್ನೊಂದು ವರ್ಷ ಮುಂದುವರಿದಿತ್ತು. ಬರ್ನ್‌ವಾರ್ಡ್ ಸಭೆಯಲ್ಲಿ ಎದ್ದು ನಿಂತು, ಮೂರನೇ ವರ್ಷವೂ ತನ್ನನ್ನೇ ರಾಜನನ್ನಾಗಿ ಉಳಿಸಿದರೆ ಊರಿಗೆ ಕೆಮ್ಮಿನ ಔಷಧಿ ಮಾರುವುದನ್ನು ನಿಲ್ಲಿಸುವುದಾಗಿ ಅತ್ಯಂತ ವಿನಯದಿಂದ ತಿಳಿಸಿದ. ಹೊಸ ದುರ್ಬೀನು ಕೊಳ್ಳುವ ನಿರ್ಣಯ ಬಂದದ್ದು ಆಗ.

ಬಳಗದ ಕರ್ನಲ್ ವೆನ್ನೆಮಾನ್ ಸಾಹೇಬರು ಪ್ರಕಟಣೆ ಹೊರಡಿಸಿದರು. ಕರ್ನಲ್ ಎಂದರೆ ಸೈನ್ಯದ ಕರ್ನಲ್ ಅಲ್ಲ. ಅವರು ಆಲಿಕಲ್ಲಿನ ಮಳೆಗೆ ವಿಮೆ ಮಾಡಿಸುವವರು. ಆದರೆ ಹಸಿರು ಕೋಟು, ಬಿಳಿ ಗರಿಯ ಟೋಪಿ, ಸೊಂಟಕ್ಕೆ ಖಡ್ಗ ಎಲ್ಲ ಇದ್ದುದರಿಂದ ಅವರನ್ನು ಕರ್ನಲ್ ಅಲ್ಲ ಎನ್ನುವ ಧೈರ್ಯ ಕನ್ನಡಿಗೂ ಇರಲಿಲ್ಲ. ಪ್ರಕಟಣೆ ಹೀಗಿತ್ತು:

"ಬಳಗದ ಬಂದೂಕಿಗೆ ಆಧುನಿಕವಾದ ಜಾಣ ದುರ್ಬೀನೊಂದನ್ನು ಆರಿಸತಕ್ಕದ್ದು. ಸದರಿ ದುರ್ಬೀನು ಬೇಟೆಗೂ ಒದಗತಕ್ಕದ್ದು, ಗುರಿ ಅಭ್ಯಾಸಕ್ಕೂ ಒದಗತಕ್ಕದ್ದು, ಹಾಗೂ ಬಳಗದ ಸಂಪ್ರದಾಯಕ್ಕೆ ಯಾವುದೇ ರೀತಿಯ ಧಕ್ಕೆ ತರತಕ್ಕದ್ದಲ್ಲ. ಆಯ್ಕೆಯ ಹೊಣೆ ಮೇಲ್ವಿಚಾರಕರಾದ ಶ್ರೀ ಕ್ಯೋಟರ್ ಅವರದು."

ಮೂರನೆಯ ಷರತ್ತಿನ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮಾರನೇ ದಿನದಿಂದಲೇ ಸದಸ್ಯರು ಒಬ್ಬೊಬ್ಬರಾಗಿ ಆಲ್ವಿನ್‌ನ ಕಾರ್ಖಾನೆಗೆ ಒಲೆಯ ಬೆಲೆ ವಿಚಾರಿಸಲು ಬರತೊಡಗಿದರು. ಮನೆಯಲ್ಲಿ ಒಲೆ ಇದ್ದವರೂ ಬಂದರು. ಒಲೆಯ ಮಾತು ಮುಗಿದ ಮೇಲೆ, ಹಂದಿಗೆ ಎಷ್ಟು ಬೇಕಾದರೂ ತಾಗಲಿ ಮಾರಾಯ, ಆದರೆ ಹಕ್ಕಿಯ ವಿಷಯದಲ್ಲಿ ದುರ್ಬೀನಿಗೆ ಸ್ವಲ್ಪ ದಾಕ್ಷಿಣ್ಯ ಇರಲಿ ಎಂದು ಕಿವಿಯಲ್ಲಿ ಹೇಳಿ, ಕೈಯಲ್ಲೊಂದು ಸಾಸೇಜು ತುರುಕಿ ಹೋದರು. ಕರ್ನಲ್ ಸಾಹೇಬರು ಕೂಡ ಬಂದರು. ಅವರು ಸಾಸೇಜು ತರಲಿಲ್ಲ. ಸಂಪ್ರದಾಯ ಎಂಬ ಶಬ್ದವನ್ನೇ ನಾಲ್ಕು ಸಲ ಹೇಳಿ ಹೋದರು.

ದುರ್ಬೀನು ಮಾರುವ ಕಂಪನಿಯಿಂದ ಇಮ್ಮೋ ಎಂಬ ನುಣುಪು ಗಡ್ಡದ ತರುಣ ಮೂರು ಪೆಟ್ಟಿಗೆ ಹೊತ್ತು ತಂದ. ಮೊದಲನೆಯದು ದೂರ ಅಳೆಯುತ್ತಿತ್ತು, ಬೇರೇನೂ ಮಾಡುತ್ತಿರಲಿಲ್ಲ. ಎರಡನೆಯದು ಪ್ರಾಣಿಯ ಮೈ ಬಿಸಿಯನ್ನು ಕತ್ತಲಲ್ಲೂ ತೋರಿಸುತ್ತಿತ್ತು. ಮೂರನೆಯದು ನೀರಿನ ಬಾಟಲಿಯಷ್ಟು ದಪ್ಪ, ತೂಕದಲ್ಲಿ ಕುಂಬಳಕಾಯಿ. ಅದು ದೂರ ಅಳೆದು, ಗಾಳಿ ನೋಡಿ, ಚಳಿ ಲೆಕ್ಕ ಹಾಕಿ, ಕಂಡದ್ದನ್ನೆಲ್ಲ ನೆನಪಿಟ್ಟುಕೊಂಡು, ಮೇಲಿಂದ ಮಾತೂ ಆಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನೀವು ಟ್ರಿಗರ್ ಒತ್ತಿದರೂ ಬಂದೂಕು ಸರಿಯಾದ ಗುರಿಗೆ ಬರುವವರೆಗೆ ಗುಂಡನ್ನು ಬಿಡುತ್ತಲೇ ಇರಲಿಲ್ಲವಂತೆ.

ಆಲ್ವಿನ್ ಗಂಟಲು ಸರಿಮಾಡಿಕೊಂಡು ಕೇಳಿದ: "ಇದರಲ್ಲಿ ತಪ್ಪೋಕೆ ಏನಾದ್ರೂ ವ್ಯವಸ್ಥೆ ಇದೆಯಾ?"

"ತಪ್ಪೋಕೆ ಅಂದ್ರೆ?"

"ಅಂದ್ರೆ, ಮರ್ಯಾದೆಯಾಗಿ ತಪ್ಪೋಕೆ. ನಾಲ್ಕು ಜನರ ಎದುರಿಗೆ."

ಇಮ್ಮೋ ಬಣ್ಣದ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಮಗುಚಿದ. "ಇಲ್ಲ ಸಾರ್. ಜನ ಅದನ್ನ ತಾವಾಗೇ ಮಾಡ್ಕೋತಾರೆ ಅಂತ ನಾವು ಬಿಟ್ಬಿಟ್ವಿ," ಎಂದ.

ಆಯ್ಕೆ ಎಂದ ಮೇಲೆ ಪರೀಕ್ಷೆ ಬೇಕು. ಬೇಟೆಯ ಪರೀಕ್ಷೆಯನ್ನು ಕ್ಲೆಮೆನ್ಸ್‌ಗೆ ವಹಿಸಲಾಯಿತು. ಊರಿನ ಕಾಡಿನ ಬೇಟೆ ಗುತ್ತಿಗೆ ಅವನದು. ಮೆಕ್ಕೆಜೋಳ ತಿನ್ನುವ ಕಾಡುಹಂದಿಗಳನ್ನು ಅವನು ಇಷ್ಟು ವರ್ಷ ಕಾಯುತ್ತ ಬಂದಿದ್ದರಿಂದ ಹಂದಿಗಳು ಚೆನ್ನಾಗಿ ಬೆಳೆದಿದ್ದವು. ಮೊದಲನೆಯ ದುರ್ಬೀನಿನಿಂದ ಅವನು ಎದುರಿನ ಗುಡ್ಡದ ಚರ್ಚಿನ ದೂರ ಅಳೆದು ಬಂದ. ಆ ದೂರ ಅವನಿಗೆ ಮೊದಲೇ ಗೊತ್ತಿತ್ತು. ಎರಡನೆಯದು ಹೊಲದ ಅಂಚಿನಲ್ಲಿ ಭಾರೀ ಬಿಸಿಯ ಪ್ರಾಣಿಯೊಂದನ್ನು ತೋರಿಸಿತು. ಕ್ಲೆಮೆನ್ಸ್ ಉಸಿರು ಬಿಗಿಹಿಡಿದು ಮೂರು ಗುಂಡು ಹೊಡೆದ. ಪ್ರಾಣಿ ಕದಲಲಿಲ್ಲ. ಹತ್ತಿರ ಹೋಗಿ ನೋಡಿದರೆ ಅದು ಪಾದ್ರಿಯವರ ಗೊಬ್ಬರದ ಗುಡ್ಡೆ. ಮೂರೂ ಗುಂಡು ಸರಿಯಾಗಿ ನಡುವಿಗೇ ತಾಗಿದ್ದವು ಎಂದು ಕ್ಲೆಮೆನ್ಸ್ ವರದಿಯಲ್ಲಿ ಒತ್ತಿ ಹೇಳಿದ.

ಮೂರನೆಯದನ್ನು ಹಿಡಿದು ಅವನು ಸಂಜೆಗೆ ಅಟ್ಟಣೆ ಹತ್ತಿ ಕೂತ. ಒಂದು ಹೆಣ್ಣು ಹಂದಿ ಪೊದೆಯಿಂದ ಈಚೆ ಬಂದು ಮೈಯೊಡ್ಡಿ ನಿಂತಿತು. ಕ್ಲೆಮೆನ್ಸ್ ಕಣ್ಣಿಟ್ಟ. ಆಗ ದುರ್ಬೀನು ಗಟ್ಟಿಯಾದ ಹೆಣ್ಣು ದನಿಯಲ್ಲಿ ಹೇಳಿತು: "ಶುಭ ಸಂಜೆ. ಗಾಳಿ ಇಲ್ಲ. ಪ್ರಾಣಿ ಹತ್ತಿರದಲ್ಲಿದೆ. ನೀವು ನಡುಗುತ್ತಿದ್ದೀರಿ." ಹಂದಿ ಇದನ್ನೆಲ್ಲ ಕೇಳಿಸಿಕೊಂಡು, ತಿರುಗಿ, ಇಡೀ ಮೆಕ್ಕೆಜೋಳದ ಹೊಲದ ಉದ್ದಕ್ಕೂ ಓಡಿತು. ಅದರ ಹಿಂಭಾಗ ಮರೆಯಾಗುವ ತನಕ ದುರ್ಬೀನು ಬಿಡದೆ ನೋಡಿ ನೆನಪಿಟ್ಟುಕೊಂಡಿತು.

"ಹಂದಿಯೇನೋ ಹೋಯ್ತು," ಎಂದ ಕ್ಲೆಮೆನ್ಸ್ ಸಭೆಯಲ್ಲಿ, ಕಣ್ಣು ತೇವವಾಗಿತ್ತು. "ಆದ್ರೆ ಹಂದಿ ಹೋಗೋದು ಇಷ್ಟು ಸ್ಪಷ್ಟವಾಗಿ ನನಗೆ ಜನ್ಮದಲ್ಲೇ ಕಂಡಿರ್ಲಿಲ್ಲ."

ಗುಂಡೇ ಹಾರಲಿಲ್ಲವೆಂದು ತಿಳಿದು ಆಲ್ವಿನ್‌ನ ಕಿವಿ ನಿಮಿರಿತು. ಮೂರನೆಯದನ್ನು ಮನೆಗೆ ಒಯ್ದ. ಬಂದೂಕಿಗೆ ಸಿಕ್ಕಿಸುವ ಮೊದಲು ಅದನ್ನು ಪಳಗಿಸಿಕೊಳ್ಳಬೇಕಿತ್ತು. ಕಾರ್ಖಾನೆಯ ಮಹಡಿಯ ಕಿಟಕಿಯಲ್ಲಿ ಅದನ್ನಿಟ್ಟುಕೊಂಡು, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಗುಡೂಲಾಳ ದೂರವನ್ನು ದಿನಾ ಅಳೆದ. ದೂರ ದಿನಾ ಅಷ್ಟೇ ಇತ್ತು. ಆದರೂ ಅಳೆದ. ಆಮೇಲೆ ಗುರಿ ಮೈದಾನಕ್ಕೆ ಹೋಗಿ ಬಂದೂಕಿಗೆ ಕೂರಿಸಿ, ಕಾಗದದ ಗುರಿಯ ಎಡಕ್ಕೆ ಬೇಕೆಂದೇ ನೋಡಿ ಟ್ರಿಗರ್ ಒತ್ತಿದ. ಬಂದೂಕು ಸುಮ್ಮನಿತ್ತು. ದುರ್ಬೀನು ಹೇಳಿತು: "ಗುರಿ ನೇರದಲ್ಲಿಲ್ಲ. ದಯವಿಟ್ಟು ಕಾಯಿರಿ." ಆಲ್ವಿನ್ ಕಾದ. ಏನೂ ಆಗಲಿಲ್ಲ. ಬೆರಳು ತೆಗೆದ. ಆಗಲೂ ಏನೂ ಆಗಲಿಲ್ಲ.

ಅವನಿಗೆ ಸ್ವರ್ಗ ಮೂರೇ ಗೇಣು ಎನಿಸಿತು. ಇಷ್ಟು ವರ್ಷ ಗುಂಡನ್ನು ಹಕ್ಕಿಯ ಪಕ್ಕದಿಂದ ಸಾಗಿಸಲು ಎಷ್ಟು ಬೆವರು ಸುರಿಸಿದ್ದ. ಇನ್ನು ಗುಂಡೇ ಹೊರಡುವುದಿಲ್ಲ. ಗುಂಡು ಹೊರಡದ ಮೇಲೆ ತಪ್ಪಿತು ಎನ್ನುವವರಾರು? ಯಂತ್ರ ಒಪ್ಪಲಿಲ್ಲ, ನಾನೇನು ಮಾಡಲಿ ಎಂದು ಟೋಪಿ ಬಡಿದುಕೊಂಡು ಇಳಿದರಾಯಿತು.

ಸಭೆಯಲ್ಲಿ ಮೂರನೆಯ ದುರ್ಬೀನು ಸರ್ವಾನುಮತದಿಂದ ಆರಿಸಲ್ಪಟ್ಟಿತು. ಹಕ್ಕಿ ಇನ್ನು ಬೀಳುವುದೇ ಇಲ್ಲ ಎಂದು ಆಲ್ವಿನ್‌ನಿಂದ ಗುಟ್ಟಾಗಿ ತಿಳಿದುಕೊಂಡು ಮಿಕ್ಕವರೆಲ್ಲ ಕೈ ಎತ್ತಿದರು. ಹಕ್ಕಿ ಈ ಸಲ ಬಿದ್ದೇ ಬೀಳುತ್ತದೆ ಎಂದು ಬಣ್ಣದ ಪುಸ್ತಕದಲ್ಲಿ ಓದಿಕೊಂಡು ಬರ್ನ್‌ವಾರ್ಡ್ ಎರಡೂ ಕೈ ಎತ್ತಿದ. ಕ್ಲೆಮೆನ್ಸ್ ಹಂದಿಯ ನೆನಪಿಗಾಗಿ ಎತ್ತಿದ. ಬಳಗದ ಚರಿತ್ರೆಯಲ್ಲಿ ಇಂಥ ಒಗ್ಗಟ್ಟು ಹಿಂದೆಂದೂ ಕಂಡಿರಲಿಲ್ಲ ಎಂದು ಕರ್ನಲ್ ಸಾಹೇಬರು ನುಡಿದರು.

ಉತ್ಸವದ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದು, ತುತ್ತೂರಿ ಡೋಲು ಊರು ಸುತ್ತಿ ಬಂದು, ಎಲ್ಲರೂ ಕೊಚ್ಚಿದ ಹಂದಿಮಾಂಸ ಸವರಿದ ಬನ್ನು ತಿಂದು ಹಕ್ಕಿಯ ಕಂಬದ ಕೆಳಗೆ ಸೇರಿದರು. ಕಿರೀಟ ಹೋಯಿತು. ರೆಕ್ಕೆಗಳು ಹೋದವು. ಜಾಣ ದುರ್ಬೀನು ಅವರವರ ಸಾಧನೆಯನ್ನು ಹೊಗಳಿತು. ಅದರ ದನಿಯನ್ನು ಬರ್ನ್‌ವಾರ್ಡ್ ತನ್ನ ಫೋನಿನ ಮೂಲಕ ಬಿಯರ್ ಡೇರೆಯ ಧ್ವನಿವರ್ಧಕಕ್ಕೆ ಜೋಡಿಸಿದ್ದ. ಎಲ್ಲರಿಗೂ ಕೇಳಲಿ ಎಂದು.

ಬೋಳು ಮುಂಡ ಮೊಳೆಯಲ್ಲಿ ನೇತಾಡತೊಡಗಿತು. ಮಧ್ಯಾಹ್ನದ ಬಿಸಿಲು ಶುರುವಾಯಿತು.

ಮೊದಲು ರೊಟ್ಟಿ ಅಂಗಡಿಯವನು ಬಂದೂಕಿನ ಬಳಿ ನಿಂತು, ಕಣ್ಣಿಟ್ಟು, ಟ್ರಿಗರ್ ಒತ್ತಿದ. ಧ್ವನಿವರ್ಧಕ ಊರಿಗೆಲ್ಲ ಕೇಳುವಂತೆ ಹೇಳಿತು: "ಗುರಿ ನೇರದಲ್ಲಿಲ್ಲ. ನೀವು ಎಡಕ್ಕೆ ನೋಡುತ್ತಿದ್ದೀರಿ. ಹಕ್ಕಿ ಬಲಕ್ಕಿದೆ. ದಯವಿಟ್ಟು ಕಾಯಿರಿ." ಅವನು ಮರ್ಯಾದೆಗೆ ಸಾಲುವಷ್ಟು ಹೊತ್ತು ಕಾದು, ಬೆರಳು ತೆಗೆದು, ಇಳಿದ. ಅವನ ಹಿಂದಿನವನಿಗೂ ಹಕ್ಕಿ ಬಲಕ್ಕಿತ್ತು. ಅವನ ಹಿಂದಿನವನಿಗೆ ಎಡಕ್ಕಿತ್ತು. ಕ್ಲೆಮೆನ್ಸ್‌ಗೆ ದುರ್ಬೀನು, ನೀವು ಚರ್ಚನ್ನು ನೋಡುತ್ತಿದ್ದೀರಿ, ಅದರ ದೂರ ಬೇಕೆ ಎಂದು ಕೇಳಿತು. ಕರ್ನಲ್ ಸಾಹೇಬರು ಖಡ್ಗ ಸರಿಸಿ ನಿಂತಾಗ, "ನಿಮ್ಮ ಕಣ್ಣು ಮುಚ್ಚಿದೆ," ಎಂದಿತು.

"ಪ್ರಾರ್ಥನೆ ಮಾಡ್ತಾ ಇದ್ದೆ," ಎಂದರು ಕರ್ನಲ್, ಡೇರೆಯ ಕಡೆ ತಿರುಗಿ. ಜನ ಟೋಪಿ ತೆಗೆದು ಗೌರವಿಸಿದರು.

ಬರ್ನ್‌ವಾರ್ಡ್‌ನ ಕೊರಳಿನ ಬೆಳ್ಳಿ ಸರ ಅವನ ಉಸಿರಿಗೆ ತಕ್ಕಂತೆ ಗಲಗಲ ಎನ್ನುತ್ತಿತ್ತು. ಅವನು ಡೇರೆಯ ಹಿಂದೆ ಹೋಗಿ ಇಮ್ಮೋಗೆ ಫೋನು ಮಾಡಿ, ನಿಮ್ಮ ಜಾಣ ಏನೂ ಹೊಡೆಯುತ್ತಿಲ್ಲವಲ್ಲ ಎಂದು ಅಳುದನಿಯಲ್ಲಿ ಕೇಳಿದ. ಅದಕ್ಕೇನು ಸಾರ್, ಬೆರಳು ತೆಗೆದ ಕೂಡಲೇ ಅದು ಆಜ್ಞೆ ಮರೆಯುತ್ತೆ, ಮರೆಯಬೇಡ ಅಂತ ಹೇಳಿದರೆ ಮರೆಯೋದಿಲ್ಲ, ಫೋನಲ್ಲೇ ಅದಕ್ಕೊಂದು ಗುಂಡಿ ಇದೆ ಎಂದ ಇಮ್ಮೋ. ಬರ್ನ್‌ವಾರ್ಡ್ ಗುಂಡಿ ಒತ್ತಿ, ಏನೂ ಆಗದವನಂತೆ ಬಂದು ನಿಂತ.

ಸರದಿ ಆಲ್ವಿನ್‌ನದು.

ಅವನು ಬೇಕಾದಷ್ಟು ಎಡಕ್ಕೆ ನೋಡಿ ಒತ್ತಿದ. "ಆಜ್ಞೆ ಸ್ವೀಕರಿಸಲಾಗಿದೆ," ಎಂದಿತು ದುರ್ಬೀನು. ಇದು ಹೊಸ ಮಾತು. ಆದರೆ ಹೊಗಳಿಕೆಯಂತೆ ಕೇಳಿದ್ದರಿಂದ ಆಲ್ವಿನ್ ತಲೆ ಕೆಡಿಸಿಕೊಳ್ಳಲಿಲ್ಲ. ಕಾದ, ಬೆರಳು ತೆಗೆದ, ಟೋಪಿ ತೊಡೆಗೆ ಬಡಿದು ಛೆ ಛೆ ಎಂದ, ಇಳಿದುಬಂದು ಸುಟ್ಟ ಸಾಸೇಜು ಕೊಂಡು ಅರೆದ ಸಾಸಿವೆ ಹಚ್ಚಿಸಿಕೊಂಡ. ಇತ್ತ ಬಂದೂಕಿನ ಮೇಲೆ ಕುಂಬಳಕಾಯಿಯ ತೂಕ, ಕೆಳಗೆ ಸೇವಾ ಮನೋಭಾವದ ಸಡಿಲ ತಿರುಪು. ಬಂದೂಕು ತನ್ನಷ್ಟಕ್ಕೆ, ಊಟವಾದ ಮೇಲೆ ಅಜ್ಜನ ತಲೆ ವಾಲುವಂತೆ, ಮೆಲ್ಲಗೆ ಬಲಕ್ಕೆ ವಾಲತೊಡಗಿತು. ಅದರ ನಳಿಗೆ ಹಕ್ಕಿಯ ಹಿಂದೆ ಗುಂಡು ತಡೆಯಲು ಇಟ್ಟ ಉಕ್ಕಿನ ಪೆಟ್ಟಿಗೆಯನ್ನು ಬಿಟ್ಟು ಬೇರೆಲ್ಲಿಗೂ ತಿರುಗದಂತೆ ಕಟ್ಟಿದ್ದರಿಂದ ಯಾರೂ ಹೆದರಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ನೋಡಲೂ ಇಲ್ಲ.

ಢಂ ಎಂದಿತು.

ಹಕ್ಕಿ ಬಿತ್ತು.

"ಗುರಿ ಸಾಧಿಸಲಾಗಿದೆ. ಅಭಿನಂದನೆಗಳು," ಎಂದಿತು ಧ್ವನಿವರ್ಧಕ.

ವಾದ್ಯದವರು ಅಭ್ಯಾಸಬಲದಿಂದ ರಾಜನ ಮೆರವಣಿಗೆಯ ಗತ್ತು ಬಾರಿಸಿಯೇಬಿಟ್ಟರು. ಬರ್ನ್‌ವಾರ್ಡ್ ಸರವನ್ನು ಕಿತ್ತ ರಭಸಕ್ಕೆ ಅವನ ಕನ್ನಡಕವೂ ಅದರೊಡನೆ ಬಂತು. ಎರಡನ್ನೂ ಹಿಡಿದುಕೊಂಡು ಅವನು ಆಲ್ವಿನ್‌ನ ಕೊರಳಿಗೆ ಓಡಿಬಂದ. ಆಲ್ವಿನ್ ಎರಡೂ ಕೈ ಮೇಲೆತ್ತಿದ. ಒಂದರಲ್ಲಿ ಸಾಸೇಜಿತ್ತು, ಇನ್ನೊಂದರಲ್ಲಿ ಸಾಸಿವೆ ಸುರಿಯುತ್ತಿತ್ತು.

ಕರ್ನಲ್ ಸಾಹೇಬರು ನಿಯಮಾವಳಿ ತರಿಸಿದರು. ಯಾರ ಹೊಡೆತಕ್ಕೆ ಹಕ್ಕಿ ಬೀಳುವುದೋ ಆ ಸದಸ್ಯರೇ ರಾಜ ಎಂದು ಅದರಲ್ಲಿತ್ತು. ಮೊದಲು ಪುರುಷ ಎಂದಿತ್ತು. ಹೆಂಗಸರನ್ನು ಸೇರಿಸಿಕೊಂಡಾಗ ಅದನ್ನು ಹೊಡೆದುಹಾಕಿ ಸದಸ್ಯ ಎಂದು ಬರೆಯಲಾಗಿತ್ತು. ಮನುಷ್ಯ ಎಂದು ಎಲ್ಲೂ ಇರಲಿಲ್ಲ. ಆಗಿನವರಿಗೆ ಅದು ಮುಖ್ಯ ಎನಿಸಿರಲಿಲ್ಲ.

ಆಲ್ವಿನ್‌ನ ಕಣ್ಣ ಮುಂದೆ ವ್ಯಾನು ಬಿಯರಿನಲ್ಲಿ ತೇಲತೊಡಗಿತು. ಅವನು ಜೀವಮಾನದಲ್ಲಿ ಭಾಷಣ ಮಾಡಿದವನಲ್ಲ. ಈಗ ಬೆಂಚು ಹತ್ತಿದ.

"ದೂರ ಅಳೆದಿದ್ದು ಯಾರು? ಅದು. ಗಾಳಿ ನೋಡಿದ್ದು ಯಾರು? ಅದು. ಹೊಡೆದಿದ್ದು ಯಾರು? ಅದೇ. ನಾನು ಸಾಸೇಜು ತಿಂತಾ ಇದ್ದೆ, ಊರೇ ನೋಡಿದೆ. ಒಬ್ಬರು ಮಾಡಿದ ಕೆಲಸದ ಕೀರ್ತಿನ ಇನ್ನೊಬ್ಬ ಕದಿಯೋದು ಸಂಪ್ರದಾಯ ಅಲ್ಲ, ಕರ್ನಲ್ ಸಾಹೇಬ್ರೇ."

ಸಂಪ್ರದಾಯ ಎಂಬ ಶಬ್ದ ಕೇಳಿ ಕರ್ನಲ್ ನೆಟ್ಟಗಾದರು. ಇನ್ನೊಮ್ಮೆ ಹಕ್ಕಿ ಏರಿಸಿ ಮೊದಲಿನಿಂದ ಹೊಡೆಯಬೇಕಾಗಬಹುದು ಎಂದು ಹೆದರಿದ್ದ ಸದಸ್ಯರೆಲ್ಲ ಚಪ್ಪಾಳೆ ತಟ್ಟಿದರು. ದುರ್ಬೀನು ಸದಸ್ಯನಲ್ಲವಲ್ಲ ಎಂದು ಯಾರೋ ಗೊಣಗಿದಾಗ ಆಲ್ವಿನ್ ಅದರ ಪ್ರವೇಶ ಶುಲ್ಕವನ್ನು ಅಲ್ಲೇ ಕಟ್ಟಿದ. ವಯಸ್ಸು ಸಾಕೇ ಎಂಬ ಪ್ರಶ್ನೆ ಬಂತು. ಇಮ್ಮೋನ ಬಣ್ಣದ ಪುಸ್ತಕದಲ್ಲಿ ಅದರ ತಂತ್ರಾಂಶ ಹದಿನೆಂಟನೇ ಆವೃತ್ತಿ ಎಂದು ಅಚ್ಚಾಗಿತ್ತು. ಹದಿನೆಂಟು ಎಂದರೆ ಹದಿನೆಂಟು ಎಂದು ಕರ್ನಲ್ ತೀರ್ಪು ಕೊಟ್ಟರು. ದುರ್ಬೀನನ್ನು ಬಂದೂಕಿನಿಂದ ಬಿಚ್ಚಿ, ಕೆಂಪು ಮಖಮಲ್ಲಿನ ದಿಂಬಿನ ಮೇಲಿಟ್ಟು, ಬೆಳ್ಳಿ ಸರ ಹೊದಿಸಲಾಯಿತು. ಜನ ಮೂರು ಸಲ ಜಯಕಾರ ಹಾಕಿದರು. ಆಲ್ವಿನ್ ಎಲ್ಲರಿಗಿಂತ ಗಟ್ಟಿಯಾಗಿ ಹಾಕಿದ. ಆಮೇಲೆ ಸಾಸೇಜು ಕಚ್ಚಿದ. ಅದರಷ್ಟು ರುಚಿಯಾದ ಸಾಸೇಜನ್ನು ಅವನು ತಿಂದೇ ಇರಲಿಲ್ಲ.

ಕರ್ನಲ್ ಸಾಹೇಬರು ಪುಟ ತಿರುಗಿಸಿದರು.

ಮುಂದಿನ ಕಲಮು ಮುತ್ತಾತಂದಿರ ಕಾಲದ್ದು, ಯಾರೂ ತಿದ್ದಿರಲಿಲ್ಲ. ಹೊಲದಾಳು ಹಕ್ಕಿ ಕೆಡವಿ ರಾಜನಾದಲ್ಲಿ, ಅವನಿಗೆ ಸ್ವಂತ ಆಸ್ತಿ ಇಲ್ಲದ ಕಾರಣ, ಅವನು ಯಾವ ಮನೆಯಲ್ಲಿ ಮಲಗುವನೋ ಆ ಮನೆಯ ಯಜಮಾನನೇ ರಾಜನ ಸಕಲ ಖರ್ಚನ್ನೂ ಭರಿಸತಕ್ಕದ್ದು. ಹೊಸ ರಾಜನಿಗೆ ಆಸ್ತಿ ಇದೆಯೇ ಎಂದು ವಿಚಾರಿಸಲಾಯಿತು. ಒಂದು ಚಾರ್ಜರ್ ಇತ್ತು. ಹಾಗಾದರೆ ರಾಜ ಮಲಗುವುದೆಲ್ಲಿ?

ಬಂದೂಕನ್ನೂ ಅದರ ಅಂಗಾಂಗಗಳನ್ನೂ ಮೇಲ್ವಿಚಾರಕರ ಮನೆಯ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡತಕ್ಕದ್ದು ಎಂಬುದು ಬಳಗದ ಕಟ್ಟುನಿಟ್ಟು. ಆ ಬೀರು ಆಲ್ವಿನ್‌ನ ನೆಲಮಾಳಿಗೆಯಲ್ಲಿ, ಆಲೂಗೆಡ್ಡೆ ಮೂಟೆಯ ಪಕ್ಕದಲ್ಲಿತ್ತು. ಎಲ್ಲರೂ ಆಲ್ವಿನ್‌ನ ಕಡೆ ತಿರುಗಿದರು. ಅವನು ಅಗಿಯುವುದನ್ನು ನಿಲ್ಲಿಸಿದ್ದ.

"ಅದು ಯಂತ್ರ ಕಣ್ರೀ, ಎಲ್ಲಾದ್ರೂ ಯಂತ್ರ ರಾಜ ಆಗುತ್ತಾ," ಎಂದ, ಬಾಯಿತುಂಬ ಸಾಸೇಜು ಇಟ್ಟುಕೊಂಡು. ಆದರೆ ರಾಜನ ಬಗ್ಗೆ ಹಗುರವಾಗಿ ಮಾತಾಡಕೂಡದೆಂಬ ಕಲಮೂ ಇತ್ತು. ಅದಕ್ಕೆ ದಂಡ ಒಂದು ಸುತ್ತು ಸಾರಾಯಿ. ಬಿಯರ್ ಡೇರೆಯವನು ಅದನ್ನೂ ಅವನ ಲೆಕ್ಕಕ್ಕೇ ಹಾಕಿದ.

ಒಂದು ಆಸೆ ಉಳಿದಿತ್ತು: ರಾಣಿ ಇಲ್ಲದ ರಾಜ ಅಸಿಂಧು. ರಾಜನೇ ತನ್ನ ರಾಣಿಯನ್ನು ಹೆಸರಿಸಬೇಕು. ದುರ್ಬೀನು ಯಾರನ್ನು ಹೆಸರಿಸೀತು ಎಂದು ಆಲ್ವಿನ್ ಉಸಿರಾಡಿದ. ಆದರೆ ಬರ್ನ್‌ವಾರ್ಡ್ ಫೋನು ಹಿಡಿದು ಮುಂದೆ ಬಂದು, ರಾಜರು ತಮ್ಮ ಜೀವಮಾನದಲ್ಲಿ ಯಾರನ್ನು ಒಂದೇ ಸಮನೆ ಅತಿ ಹೆಚ್ಚು ಹೊತ್ತು ದೃಷ್ಟಿಸಿದ್ದಾರೆ ಎಂಬುದು ಅವರ ನೆನಪಿನಲ್ಲೇ ಇದೆ ಎಂದ. ತೆರೆದು ನೋಡಿದರು. ಮೊದಲ ಸ್ಥಾನದಲ್ಲಿ ಹಂದಿಯ ಹಿಂಭಾಗವಿತ್ತು. ಕರ್ನಲ್ ಸಾಹೇಬರು ಅಭಿಪ್ರಾಯ ಕೇಳಿದಾಗ ಕ್ಲೆಮೆನ್ಸ್ ಬಹಳ ಯೋಚಿಸಿ, ಆಕೆ ಈಗ ಪಕ್ಕದ ಜಿಲ್ಲೆಯ ಕಾಡಿನಲ್ಲಿ ವಾಸವಾಗಿರುವುದರಿಂದ ಅರ್ಹಳಲ್ಲ ಎಂದು ವಿಷಾದದಿಂದ ತಿಳಿಸಿದ.

ಎರಡನೆಯ ಸ್ಥಾನದಲ್ಲಿ ಗುಡೂಲಾ ಇದ್ದಳು. ಬೆಳಗಿನ ಬಿಸಿಲಿನಲ್ಲಿ, ಒದ್ದೆ ಹಾಸಿಗೆ ಬಟ್ಟೆ ಝಾಡಿಸುತ್ತ, ಬಾಯಲ್ಲಿ ಬಟ್ಟೆಕ್ಲಿಪ್ಪು ಕಚ್ಚಿಕೊಂಡು, ಒಂದಾದ ಮೇಲೊಂದು ದಿನ.

ಕರ್ನಲ್ ಸಾಹೇಬರು ಖಡ್ಗ ತೆಗೆದು ಗುಡೂಲಾಳ ಮುಂದೆ ಮಂಡಿಯೂರಿದರು. ಆಲ್ವಿನ್‌ಗೆ ಧೈರ್ಯ ಬಂತು. ವ್ಯಾನಿನ ಕಾವಲುಗಾರ್ತಿ ಅವಳು. ಒಂದೇ ಮಾತಿಗೆ ಇವರನ್ನೆಲ್ಲ ಮನೆಗೆ ಕಳಿಸುತ್ತಾಳೆ. ಗುಡೂಲಾ ಆ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಮದುವೆಯಾದ ಮೇಲೆ ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿದ್ದಿಲ್ಲ," ಎಂದಳು.

"ನೋಡಿದ್ದು ನಾನು ಕಣೇ," ಎಂದ ಆಲ್ವಿನ್. "ಅದರ ಹಿಂದೆ ಕಣ್ಣಿಟ್ಕೊಂಡು ಕೂತಿದ್ದು ನಾನೇ. ದಿನಾ."

ಗುಡೂಲಾ ಅವನನ್ನೂ ನೋಡಿದಳು. "ಅದು ಹೇಗೆ? ಈಗ ತಾನೇ ಬೆಂಚು ಹತ್ತಿ ಹೇಳಿದ್ಯಲ್ಲ, ಎಲ್ಲಾ ಮಾಡಿದ್ದು ಅದೇ ಅಂತ. ಒಬ್ಬರ ಕೀರ್ತಿ ಇನ್ನೊಬ್ಬ ಕದೀಬಾರ್ದು, ಆಲ್ವಿನ್." ಆಮೇಲೆ ಕರ್ನಲ್‌ಗೆ ಕೈ ಚಾಚಿ, ನೀಲಿ ರೇಷ್ಮೆಯಾದರೆ ತನಗೆ ಅಡ್ಡಿಯಿಲ್ಲ ಎಂದಳು.

ಹೊಸ ರಾಜನ ಆಳ್ವಿಕೆ ಊರಿಗೆ ಬಹಳ ಒಗ್ಗಿತು. ಅವನು ಕುಡಿಯುವುದಿಲ್ಲ, ಭಾಷಣ ಕೊರೆಯುವುದಿಲ್ಲ, ಯಾರ ಹೆಂಡತಿಯ ಜೊತೆಗೂ ಹೆಚ್ಚು ಹೊತ್ತು ಕುಣಿಯುವುದಿಲ್ಲ ಎಂದು ಮುದುಕರು ಮೆಚ್ಚಿದರು. ಗುರಿ ತಪ್ಪುವ ಭಯವಾಗಲಿ ತಪ್ಪದ ಭಯವಾಗಲಿ ಇನ್ನು ಯಾರಿಗೂ ಇಲ್ಲದಂತೆ, ಮುಂದೆ ಪ್ರತಿ ವರ್ಷವೂ ಸದರಿ ದುರ್ಬೀನೇ ಹೊಡೆಯತಕ್ಕದ್ದು ಎಂದು ಮಹಾಸಭೆ ಠರಾವು ಮಾಡಿತು. ಜಿಲ್ಲೆಯ ಇತರ ಬಳಗಗಳು ನಿಯೋಗ ಕಳಿಸಿ, ದುರ್ಬೀನಿನ ಬಗ್ಗೆ ಎರಡು ಪ್ರಶ್ನೆ, ಮೇಲ್ವಿಚಾರಕರ ನೆಲಮಾಳಿಗೆಯ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿ ಬರೆದುಕೊಂಡು ಹೋದವು. ಆಲ್ವಿನ್ ಒಲೆಯ ಹೆಂಚುಗಳನ್ನು ಕೈಗಾಡಿಯಲ್ಲಿ ನೂಕಿಕೊಂಡು ಹೋಗುತ್ತಾನೆ. ಎದುರು ಸಿಕ್ಕವರು ಟೋಪಿ ತೆಗೆದು, ರಾಜರು ಆರೋಗ್ಯವೇ ಎಂದು ಕೇಳುತ್ತಾರೆ. ಆರೋಗ್ಯ ಎನ್ನುತ್ತಾನೆ.

ಶರತ್ಕಾಲದ ರಾಜಭೋಜನಕ್ಕೆ ಸುತ್ತಲಿನ ಎಂಟು ಊರಿನ ರಾಜರಾಣಿಯರು ಬಂದಿದ್ದರು. ಎತ್ತರದ ಮೇಜಿನ ನಡುವೆ ಮಖಮಲ್ಲಿನ ದಿಂಬು, ಅದರ ಪಕ್ಕದಲ್ಲಿ ನೀಲಿ ರೇಷ್ಮೆಯ ಗುಡೂಲಾ. ಆಲ್ವಿನ್‌ಗೆ ಡೋಲು ಬಾರಿಸುವವನ ಹಿಂದೆ ಕುರ್ಚಿ ಹಾಕಿದ್ದರು. ಊಟದ ನಡುವೆ ರಾಜ ಪಟ್ಟಕ್ಕೆ ಬಂದ ಮೇಲೆ ಮೊದಲ ಬಾರಿಗೆ ಬಾಯಿ ತೆರೆದ. "ಬ್ಯಾಟರಿ ಕಡಿಮೆಯಾಗಿದೆ," ಎಂದ. ಇಡೀ ಡೇರೆ ಎದ್ದು ನಿಂತು, ಗ್ಲಾಸು ಎತ್ತಿ, "ಬ್ಯಾಟರಿ ಕಡಿಮೆಯಾಗಿದೆ," ಎಂದು ಒಕ್ಕೊರಲಿನಿಂದ ಹೇಳಿ ಕುಡಿಯಿತು. ಆಲ್ವಿನ್ ಜೇಬಿನಿಂದ ಚಾರ್ಜರ್ ತೆಗೆದು, ಮೇಜಿನ ಮುಂದೆ ಬಂದು, ನಿಯಮದಂತೆ ಸೊಂಟ ಬಗ್ಗಿಸಿ ವಂದಿಸಿ, ರಾಜನನ್ನು ಚಾರ್ಜಿಗೆ ಹಾಕಿದ.